ರಾಜೀವಕ್ಕನ ಯಜಮಾನರು

ವೇಣೂರಿನ ಬಸ್ ಸ್ಟ್ಯಾಂಡಿನಲ್ಲಿ ಅಣ್ಣು ಶೆಟ್ಟರ ಸ್ವರ ಏಳದೆ ಬೆಳಗಾಗದ ಕಾಲವೊಂದಿತ್ತು. ಖಾಸಗಿ ಬಸ್ಸುಗಳ ಟೈಂಕೀಪರ್ ಆಗಿದ್ದರು ಅವರು. "ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ" ಎಂದು ಒಂದೇ ಉಸಿರಿಗೆ ಕೂಗಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಡ ಸೀರೆ ಹಿಂಡಿ ಎದ್ದು ನಿಲ್ಲುತ್ತಿದ್ದರು. ಅಷ್ಟು ವರ್ಷ ಹಾರ್ನುಗಳ ನಡುವೆ ನಿಂತ ಫಲವೋ ಏನೋ, ಪ್ರಾಯ ಸಂದ ಮೇಲೆ ಅವರ ಎರಡು ಕಿವಿಯೂ ಕೈಕೊಟ್ಟವು. ಊರಿಗೆಲ್ಲ ಕೇಳಿಸಿದವರಿಗೆ ಊರಿನ ಮಾತು ಕೇಳಿಸದೆ ಹೋಯಿತು.

ಕೇಳಿಸುತ್ತಿದ್ದದ್ದು ಒಂದೇ ಸ್ವರ, ಅವರ ತಂಗಿ ರಾಜೀವಿಯದು. ನಾನು ಬರೆಯಹೊರಟದ್ದು ಈ ತಂಗಿಯ ವಿಚಾರ.

ರಾಜೀವಕ್ಕ ದೊಡ್ಡ ಸ್ವರದ ಹೆಂಗಸಲ್ಲ. ಹಾಲಿನ ಸೊಸೈಟಿಗೆ ಕ್ಯಾನು ಹಿಡಿದುಕೊಂಡು ನನ್ನ ಹೊಲಿಗೆ ಅಂಗಡಿಯ ಮುಂದೆಯೇ ದಿನವೂ ಹೋಗುತ್ತಿದ್ದರು. "ಏನಕ್ಕ" ಎಂದರೆ "ಏನಿಲ್ಲ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಆ ಸ್ವರಕ್ಕೊಂದು ಅಂಚಿತ್ತು, ಸಾಣೆ ಹಿಡಿದ ಕತ್ತರಿ ಕೋರಾ ಬಟ್ಟೆಯೊಳಗೆ ಹೋದ ಹಾಗೆ. ಡಾಕ್ಟರು, ಮಗ, ಸೊಸೆ ಯಾರು ಗಂಟಲು ಹರಿದುಕೊಂಡರೂ ಅಣ್ಣು ಶೆಟ್ಟರು ಕಿವಿಗೆ ಕೈ ಹಿಡಿದು ಪಿಳಿಪಿಳಿ ನೋಡುತ್ತಿದ್ದರು. ರಾಜೀವಕ್ಕ ಕುಳಿತಲ್ಲಿಂದಲೇ "ಅಣ್ಣ, ಗಂಜಿ ಆರ್ತದೆ" ಎಂದರೆ ಸಾಕು, ಎದ್ದು ಬರುತ್ತಿದ್ದರು.

ನಮ್ಮ ಕಡೆಯ ಅಳಿಯಕಟ್ಟು ತಿಳಿಯದವರಿಗಾಗಿ ಇಲ್ಲೊಂದು ಮಾತು ಹೇಳಿಬಿಡಬೇಕು. ಬಂಟರಲ್ಲಿ ಕುಟುಂಬ ನಡೆದು ಬಂದದ್ದು ತಾಯಿಯ ಕಡೆಯಿಂದ. ಮನೆಗೆ ಯಜಮಾನ ಎಂದರೆ ಹೆಂಗಸರ ಗಂಡನಲ್ಲ, ಅವರ ಮಾವ, ಎಂದರೆ ತಾಯಿಯ ಅಣ್ಣನೋ ತಮ್ಮನೋ. ಅವನ ನಂತರ ಅವನ ಸೋದರಳಿಯ. ಗಂಡನಾದವನು ಬೇರೆ ಮನೆಯವನು, ಬಂದು ಹೋಗುವವನು. ಕಣಜದ ಬೀಗದ ಕೈ ಯಜಮಾನನ ಸೊಂಟದಲ್ಲಿ. ರಾತ್ರಿ ತಲೆಬಾಗಿಲಿನ ಚಿಲಕ ಹಾಕುವವನೂ ಬೆಳಗ್ಗೆ ತೆಗೆಯುವವನೂ ಅವನೇ. ಕಾನೂನು ಬದಲಾಗಿ ಬಹಳ ಕಾಲವಾಯಿತು. ಆಸ್ತಿ ಪಾಲಾಯಿತು, ಹಳೆಯ ಮನೆಗಳು ಬಿದ್ದವು, ಈಗಿನ ಮಕ್ಕಳಿಗೆ ಅಪ್ಪನ ಹೆಸರೇ ಹೆಸರು. ಆದರೆ ರಾಜೀವಕ್ಕನ ಪ್ರಾಯದವರ ಬಾಯಲ್ಲಿ ಯಜಮಾನ ಎಂಬ ಮಾತಿಗೆ ಹಳೆಯ ಅರ್ಥವೇ ಉಳಿದಿದೆ.

ಅವರ ಬದುಕು ನಡೆದದ್ದೂ ಹಾಗೆಯೇ. ಗಂಡ ಮುಂಬಯಿಯ ಕ್ಯಾಂಟೀನೊಂದರಲ್ಲಿದ್ದರು, ಮಳೆಗಾಲಕ್ಕೆ ಬಂದು ಚೌತಿ ಕಳೆದು ಹೋಗುತ್ತಿದ್ದರು. ಮಗಳು ಸುರಕ್ಷಾ ಇನ್ನೂ ಅಂಗನವಾಡಿಯಲ್ಲಿರುವಾಗ ಮುಂಬಯಿಯಲ್ಲಿಯೇ ತೀರಿಕೊಂಡರು. ಅಣ್ಣು ಶೆಟ್ಟರ ಹೆಂಡತಿಗೆ ಸಿದ್ಧಕಟ್ಟೆಯಲ್ಲಿ ತನ್ನ ತಾಯಿಯ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಶೆಟ್ಟರು ಶನಿವಾರದ ಕೊನೆಯ ಬಸ್ಸಿಗೆ ಅಲ್ಲಿಗೆ ಹೋಗಿ ಸೋಮವಾರದ ಮೊದಲ ಬಸ್ಸಿಗೆ ಬಂದು ತಮ್ಮ ಜಾಗದಲ್ಲಿ ನಿಂತು ಕೂಗುತ್ತಿದ್ದರು. ಅವರ ಮಗ ಉಜ್ವಲ್ ಬೆಳೆದದ್ದು ಅಲ್ಲಿ. ಇಲ್ಲಿ ಅವರ ಹೆಗಲ ಮೇಲೆ ಬೆಳೆದದ್ದು ಸುರಕ್ಷಾ. ತಮ್ಮ ಸೋದರಮಾವ ತೀರಿಕೊಂಡು ಆಸ್ತಿ ಪಾಲಾದ ಮೇಲೆ ಅಣ್ಣ ತಂಗಿ ಪೇಟೆಯ ಹಿಂದೆ ಚಿಕ್ಕದೊಂದು ಹಂಚಿನ ಮನೆ ಮಾಡಿಕೊಂಡರು. ತಲೆಬಾಗಿಲಿನ ಚಿಲಕ ಮಾವನ ಕೈಯಿಂದ ಅಣ್ಣನ ಕೈಗೆ ಬಂತು. ಗಂಡನೊಡನೆ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ರಾಜೀವಕ್ಕನಿಗೆ ಕೆಲವು ಮಳೆಗಾಲಗಳಷ್ಟೇ ಆದೀತು. ಅಣ್ಣನೊಡನೆ ಮಾತ್ರ ಇಡೀ ಆಯುಷ್ಯ.

ಅಣ್ಣು ಶೆಟ್ಟರ ಹೆಂಡತಿ ತೀರಿಕೊಂಡ ಮರುವರ್ಷ ಶೆಟ್ಟರೊಮ್ಮೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ಅಷ್ಟು ಹೊತ್ತಿಗೆ ರಾಜೀವಕ್ಕನ ಮೊಣಕಾಲುಗಳೂ ಹಠ ಹಿಡಿದಿದ್ದವು. ಅಣ್ಣನನ್ನು ಎತ್ತುವುದು ಅವರಿಂದ ಆಗಲಿಲ್ಲ. ಹೋಮ್ ನರ್ಸುಗಳು ಬಂದರು. ಮಾತು ಕೇಳಿಸದ ಮುದುಕನನ್ನು ಬುದ್ಧಿ ಮಂಕಾದವನೆಂದು ತಿಳಿದು ಮಗುವಿಗೆ ಮಾತಾಡಿಸಿದ ಹಾಗೆ ಮಾತಾಡಿಸಿ, ಶೆಟ್ಟರಿಂದ ಬೈಗುಳ ತಿಂದು ಒಬ್ಬೊಬ್ಬರಾಗಿ ಹೋದರು.

ಆಗ ಮಕ್ಕಳಿಬ್ಬರೂ ಕುಳಿತು ಮಾತಾಡಿಕೊಂಡರು. ಉಜ್ವಲನಿಗೆ ಬಿ.ಸಿ.ರೋಡಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸುರಕ್ಷಾ ಉಜಿರೆಯಲ್ಲಿ ಕಾಲೇಜು ಉಪನ್ಯಾಸಕಿ. ಅಪ್ಪನನ್ನು ನಾನು ಕರಕೊಂಡು ಹೋಗ್ತೇನೆ, ಅಮ್ಮನನ್ನು ನೀನು ಕರಕೊಂಡು ಹೋಗು ಎಂದು ತೀರ್ಮಾನವಾಯಿತು. ಯಾರೂ ಬೆರಳು ತೋರಿಸುವ ಹಾಗಿಲ್ಲ. ಇಬ್ಬರೂ ಒಳ್ಳೆಯ ಮಕ್ಕಳು. ವೇಣೂರಿನ ಮನೆಗೆ ಬೀಗ ಬಿತ್ತು.

ಎರಡು ಕಡೆಯೂ ಏನೂ ಕಡಿಮೆ ಇರಲಿಲ್ಲ. ಬಿ.ಸಿ.ರೋಡಿನಲ್ಲಿ ಶೆಟ್ಟರಿಗೆ ಬೇರೆ ಕೋಣೆ, ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದ ಬಚ್ಚಲು. ಕಿವಿಗೆ ಮೆಷಿನ್ ಕೂಡ ತಂದರು. ಅದು ಕಿವಿಯೊಳಗೆ ಕೂತು ಸಿಳ್ಳೆ ಹಾಕುತ್ತದೆಂದು ಶೆಟ್ಟರು ಪೆಟ್ಟಿಗೆಯಲ್ಲಿಟ್ಟರು. ಮಾತಿಲ್ಲದೆ ಮಾತಿಲ್ಲದೆ ಅವರ ದೊಡ್ಡ ಸ್ವರವೇ ಕುಗ್ಗಿತು. ಉಜಿರೆಯಲ್ಲಿ ರಾಜೀವಕ್ಕ ಮಹಡಿಯ ಮನೆಯ ಕಿಟಕಿಯಿಂದ ಹಾಸ್ಟೆಲಿನ ಮಕ್ಕಳು ಹೋಗಿ ಬರುವುದನ್ನು ನೋಡುತ್ತ ಕೂರುತ್ತಿದ್ದರು. ಸಂಜೆ ಸುರಕ್ಷಾ ಫೋನು ಹಚ್ಚಿ ಕೊಡುತ್ತಿದ್ದಳು. ಇವರು "ಅಣ್ಣ, ಊಟ ಆಯಿತಾ" ಎಂದರೆ ಅತ್ತಲಿಂದ "ಇಲ್ಲಿ ಮಳೆ ಇಲ್ಲ" ಎಂದು ಉತ್ತರ ಬರುತ್ತಿತ್ತು. ಎದುರಿಗಿದ್ದರೆ ಮುಟ್ಟುವ ಸ್ವರ ತಂತಿಯಲ್ಲಿ ಮುಟ್ಟುತ್ತಿರಲಿಲ್ಲ. ಶೆಟ್ಟರು ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದರು. ಕೆಲವು ದಿನ ಅಂದಾಜು ಸರಿಯಾಗುತ್ತಿತ್ತು.

ಒಂದು ದಿನ ರಾಜೀವಕ್ಕ ಮಗಳಿಗೂ ಹೇಳದೆ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದರು. ಅಂದು ಶೆಟ್ಟರು ಬೆಳಗ್ಗಿನಿಂದ ಸಂಜೆಯ ತನಕ ಬಾಯಿ ಮುಚ್ಚಲಿಲ್ಲವಂತೆ. ಹೊರಡುವಾಗ ಗೇಟಿನ ತನಕ ವಾಕರ್ ತಳ್ಳಿಕೊಂಡು ಬಂದು, ಸಣ್ಣ ಮಗು ಕೇಳುವ ಹಾಗೆ, ನಾಳೆ ಬರ್ತೀಯಾ ಎಂದು ಕೇಳಿದರಂತೆ. ಅದೇ ವಾರ ರಾಜೀವಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಅಷ್ಟು ವರ್ಷಗಳಲ್ಲಿ ಅವರು ಕುಳಿತದ್ದು ಅದೇ ಮೊದಲು. ಪಾತ್ರೆ ಅಂಗಡಿಯ ಪದ್ಮಯ್ಯ ಈಗ ಇರುವ ಜಾಗ ಯಾವುದು ಎಂದು ಕೇಳಿದರು.

ಪದ್ಮಯ್ಯ ನಮ್ಮಿಬ್ಬರಿಗೂ ಹಳೆಯ ಗುರುತು. ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಣ್ಣದೊಂದು ಟ್ರಸ್ಟ್ ನಡೆಸುವ ಹಿರಿಯರ ಮನೆ, ಎಂದರೆ ವೃದ್ಧಾಶ್ರಮದಲ್ಲಿದ್ದಾನೆ. ಊಟ ಪರವಾಗಿಲ್ಲ, ಚಾ ಮಾತ್ರ ನೀರು ಎನ್ನುವುದು ಅವನ ವರದಿ. ನಾನು ಅಷ್ಟನ್ನೇ ಹೇಳಿದೆ.

ಅಣ್ಣನನ್ನು ಕರಕೊಂಡು ಅಲ್ಲಿಗೇ ಹೋಗುತ್ತೇನೆ ಎಂದು ತಾಯಿ ಹೇಳಿದ್ದನ್ನು ಕೇಳಿ ಮಗಳು ಅತ್ತಳು. ತಾಯಿ ಮಾಮ ಇಬ್ಬರೂ ನನ್ನಲ್ಲಿಗೇ ಬನ್ನಿ ಎಂದಳು. ಮಹಡಿಯ ಮೆಟ್ಟಿಲು ಹತ್ತುವುದು ವಾಕರಿನವರಿಂದ ಆಗುವ ಮಾತಲ್ಲ. ಅದೂ ಅಲ್ಲದೆ ತಂಗಿಯ ಮಗಳ ಗಂಡನ ಮನೆಯಲ್ಲಿ ಕೂತು ಉಣ್ಣಲು ಶೆಟ್ಟರ ಮನಸ್ಸು ಒಪ್ಪದು. ಉಜ್ವಲನ ಮನೆ ರಾಜೀವಕ್ಕನಿಗೆ ನೆಂಟರ ಮನೆ, ಎರಡು ದಿನ ಇದ್ದು ಬರುವಂಥದ್ದು. ಸುರಕ್ಷಾ ಕೊನೆಗೆ, ನಾವು ಬಿಟ್ಟು ಹಾಕಿದೆವು ಎಂದು ಜನ ಉಗಿಯುವುದಿಲ್ಲವಾ ಅಮ್ಮ ಎಂದು ಕೇಳಿದಳಂತೆ.

"ನಿನ್ನ ಮನೆಯಲ್ಲಿ ಎಲ್ಲ ಉಂಟು ಮಗಾ," ಎಂದರು ರಾಜೀವಕ್ಕ. "ಅಣ್ಣ ಇಲ್ಲ."

ಹಿರಿಯರ ಮನೆಗೆ ಹೋದ ದಿನ ನಾನೂ ಜೊತೆಗಿದ್ದೆ. ಮಕ್ಕಳಿಬ್ಬರೂ ಮುನಿಸಿನಲ್ಲಿ ಬರಲಿಲ್ಲ, ಕಾಗದಪತ್ರ ಆಮೇಲೆ ತರುತ್ತೇವೆ ಎಂದರು. ಅಲ್ಲಿಯ ಮ್ಯಾನೇಜರ್ ಚೈತನ್ಯಾ, ಘಟ್ಟದ ಮೇಲೆ ತರೀಕೆರೆ ಕಡೆಯ ಹುಡುಗಿ. ನಗುಮುಖ, ಚುರುಕು, ಓದಿಕೊಂಡವಳು. ತುಳು ಮಾತ್ರ ಇನ್ನೂ ಹತ್ತಿರಲಿಲ್ಲ. ಅಣ್ಣು ಶೆಟ್ಟರನ್ನು ಕುರ್ಚಿಯಲ್ಲಿ ಕೂರಿಸಿ ರಾಜೀವಕ್ಕನನ್ನು ಕೇಳಿದಳು.

"ಯಜಮಾನ್ರು ಇವರೇನಾ ಅಮ್ಮ?"

"ಹೌದು," ಎಂದರು ರಾಜೀವಕ್ಕ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. "ನಮ್ಮ ಮಾವ ತೀರಿಕೊಂಡ ಮೇಲೆ ಇವರೇ ಯಜಮಾನರು."

"ಎಷ್ಟು ವರ್ಷದಿಂದ ಜೊತೆಗಿದ್ದೀರಾ?"

"ನನಗೆ ಬುದ್ಧಿ ಬಂದಾಗಿನಿಂದ."

ಚೈತನ್ಯಾಳ ಕಣ್ಣು ಅರಳಿತು. ಘಟ್ಟದ ಮೇಲೆ ಯಜಮಾನ್ರು ಎಂದರೆ ಗಂಡ, ಮಾವ ಎಂದರೆ ಗಂಡನ ಅಪ್ಪ. ಮಾತು ಪಕ್ಕಾ ಕೂತಿತು. ನಾನು ಪಕ್ಕದಲ್ಲೇ ನಿಂತಿದ್ದರೂ ನನಗೆ ಏನೂ ಹೊಳೆಯಲಿಲ್ಲ, ಏಕೆಂದರೆ ರಾಜೀವಕ್ಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಜಗಲಿಯ ತುದಿಯ ಒಳ್ಳೆಯ ಕೋಣೆ, ಎರಡು ಮಂಚದ್ದು, ಇಬ್ಬರಿಗೂ ಸೇರಿ ಸಿಕ್ಕಿತು. ಅಣ್ಣ ತಂಗಿಗೆ ಒಂದು ಕೋಣೆ ಕೊಟ್ಟದ್ದರಲ್ಲಿ ವಿಶೇಷವೇನು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಆ ಮೇಲೆ ಶೆಟ್ಟರಿಗೆ ಸ್ವರ ಮರಳಿತು. ಊಟದ ಮನೆಗೆ ಯಾರು ತಡವಾಗಿ ಬಂದರೂ "ಲಾಸ್ಟ್ ಬಸ್ಸು ಹೊರಟಿತು" ಎಂದು ಕೂಗುತ್ತಿದ್ದರಂತೆ. ಬೇರೆಯವರು ಹೇಳಿದ್ದನ್ನು ರಾಜೀವಕ್ಕ ಅವರಿಗೆ ದಾಟಿಸುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು. ತಂಗಿ "ಅಣ್ಣ, ಅಣ್ಣ" ಎಂದು ಕರೆಯುವುದನ್ನು ಚೈತನ್ಯಾ ದಿನಕ್ಕೆಷ್ಟೋ ಸಲ ಕೇಳಿದಳು. ಅಣ್ಣು ಎಂಬ ಹೆಸರನ್ನೇ ಅಜ್ಜಿ ಪ್ರೀತಿಯಿಂದ ತುಂಡು ಮಾಡಿದ್ದಾರೆ, ಆ ಕಾಲದ ಹೆಂಗಸು ಗಂಡನನ್ನು ಹೆಸರು ಹಿಡಿದು ಕರೆಯುವುದೆಂದರೆ ಸಣ್ಣ ಧೈರ್ಯವಲ್ಲ ಎಂದು ಮೆಚ್ಚಿಕೊಂಡಳು.

ಮುನಿಸು ಇಳಿದು ಮಕ್ಕಳು ಬರತೊಡಗಿದರು. ಅದರಿಂದ ಸತ್ಯ ಹೊರಬೀಳಬೇಕಿತ್ತು. ಬೀಳಲಿಲ್ಲ, ಇನ್ನೂ ಆಳಕ್ಕೆ ಹೋಯಿತು. ಉಜ್ವಲ್ ರಾಜೀವಕ್ಕನನ್ನು ಮಾಮಿ ಎಂದು ಕರೆದ. ಹಾಗಾದರೆ ಅವನು ಅಳಿಯ. ಸುರಕ್ಷಾ ಶೆಟ್ಟರನ್ನು ಮಾಮ ಎಂದಳು, ಅವಳು ಸೊಸೆ. ಅವನು ಶೆಟ್ಟರನ್ನು ಅಪ್ಪ ಎಂದದ್ದನ್ನೂ ಅವಳು ರಾಜೀವಕ್ಕನನ್ನು ಅಮ್ಮ ಎಂದದ್ದನ್ನೂ ಈಗಿನ ಅಳಿಯ ಸೊಸೆಯರ ಪ್ರೀತಿ ಎಂದು ಚೈತನ್ಯಾ ತಿಳಿದಳು. ಎಂಥ ಕಾಲ ನೋಡಿ, ಅಳಿಯ ಸೊಸೆ ವಾರವಾರವೂ ಬರುತ್ತಾರೆ, ಹೊಟ್ಟೆಯಲ್ಲಿ ಹುಟ್ಟಿದ ಒಬ್ಬರೂ ಈ ಕಡೆ ತಲೆ ಹಾಕುವುದಿಲ್ಲ ಎಂದು ಚೈತನ್ಯಾ ಪದ್ಮಯ್ಯನ ಹತ್ತಿರ ಮರುಗಿದಳಂತೆ. ಪದ್ಮಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಈ ಕಾಲವೇ ಹಾಗೆ ಎಂದು ತಲೆಯಾಡಿಸಿದನಂತೆ.

ಅಕ್ಟೋಬರ್ ಮೊದಲಿಗೆ ಹಿರಿಯರ ದಿನ ಬಂತು. ಅಂದು ಸಣ್ಣದೊಂದು ಸಭೆ, ಎಲ್ಲರಿಗಿಂತ ಹಳೆಯ ದಂಪತಿಯನ್ನು ವೇದಿಕೆಗೆ ಕರೆದು ಹಾರ ಬದಲಾಯಿಸಿಕೊಳ್ಳುವಂತೆ ಮಾಡುವುದು ಅಲ್ಲಿಯ ಪದ್ಧತಿ. ಹಿಂದಿನ ದಿನ ಮಧ್ಯಾಹ್ನ, ಅಲ್ಲಿ ಕೆಲಸ ಮಾಡುವ ಸಾಲಿಹಾ ನೆಲ ಒರೆಸಲು ಕೋಣೆಗೆ ಬಂದವಳು ಒರೆಸುವ ಬಟ್ಟೆ ಬಕೆಟಿಗೆ ಹಾಕಿ ನಗಲು ಶುರುಮಾಡಿದಳು. ಊರಿನವಳೇ. ಇವರು ಅಣ್ಣ ತಂಗಿ ಎಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಮೇಡಂಗೂ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು.

"ನಾಳೆ ನಿಮಗೆ ಮದುವೆ ಅಕ್ಕ," ಎಂದಳು. "ಹಾರಕ್ಕೆ ಮಲ್ಲಿಗೆ ಹೇಳಿಯಾಗಿದೆ."

ಅರ್ಥವಾಗಲು ರಾಜೀವಕ್ಕನಿಗೆ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರೂ ನಕ್ಕರು. ನಗು ಮುಗಿಯುವ ಮೊದಲೇ ಸಾಲಿಹಾ ಇನ್ನೊಂದು ಮಾತು ಹೇಳಿದಳು. ಇಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಗಂಡ ಹೆಂಡತಿಗೆ ಮಾತ್ರ ಜೋಡಿ ಕೋಣೆ. ಹಾಗಾಗಿ, ಬೇಕಾದರೆ ಬಾಯಿ ಮುಚ್ಚಿಕೊಂಡಿರಿ ಎಂದು ಕಣ್ಣು ಮಿಟುಕಿಸಿ ಬಕೆಟು ಎತ್ತಿಕೊಂಡು ಹೋದಳು.

ರಾಜೀವಕ್ಕ ಇದನ್ನು ಅಣ್ಣನಿಗೆ ದಾಟಿಸಿದರು. ಶೆಟ್ಟರು ನಕ್ಕು ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಎರಡೂ ಮಂಚಗಳನ್ನು ನೋಡಿದರು.

"ಹೇಳಿದರೆ ಈ ಕೋಣೆ ಹೋಗ್ತದೆ," ಎಂದರು.

"ಹೋಗ್ತದೆ."

"ಒಂದು ಹಾರ ಅಲ್ವಾ ಮಾರಾಯ್ತಿ. ಬಸ್ಸಿನ ಪೂಜೆಗೆ ನನಗೆ ಎಷ್ಟು ಸಲ ಹಾಕಿದ್ದಾರೆ."

"ಬಸ್ಸಿನವರು ಹಾಕಿದ್ದು. ನಾನು ಹಾಕಿದ್ದಲ್ಲ," ಎಂದರು ರಾಜೀವಕ್ಕ. ಮತ್ತೆ ಅವರೇ, "ನಿಮ್ಮನ್ನು ಅಣ್ಣ ಅಂತಲೇ ಕರೆದು ಇಷ್ಟು ಪ್ರಾಯ ಆಯಿತು. ಇನ್ನು ಒಂದು ಕೋಣೆಗೋಸ್ಕರ ಬೇರೆ ಏನೋ ಆಗ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು.

ಯಜಮಾನನ ಮಾತನ್ನು ರಾಜೀವಕ್ಕ ತಳ್ಳಿಹಾಕಿದ್ದು ಅದೇ ಮೊದಲಿರಬೇಕು.

ಮರುದಿನ ಸಭೆಗೆ ಮೊದಲು, ಚೈತನ್ಯಾ ಬಾಳೆ ಎಲೆಯಿಂದ ಹಾರ ಬಿಚ್ಚಿ ತಟ್ಟೆಯಲ್ಲಿಡುವಾಗ, ರಾಜೀವಕ್ಕ ಕೋಲೂರಿಕೊಂಡು ಹೋಗಿ ಹೇಳಿದರು. ಇವರು ನನ್ನ ಅಣ್ಣ, ಒಂದೇ ತಾಯಿಯ ಹೊಟ್ಟೆಯವರು ನಾವು ಎಂದರು. ಆ ಹುಡುಗಿ ಹಾರವನ್ನು ಮತ್ತೆ ಎಲೆಯೊಳಗೆ ಇಟ್ಟಳಂತೆ. ಆಮೇಲೆ ಅಳಿಯ ಯಾರು, ಸೊಸೆ ಯಾರು ಎಂದು ಒಂದೊಂದಾಗಿ ಕೇಳಿ, ಎಲ್ಲ ತಿರುಗಾಮುರುಗ ಆದದ್ದು ತಿಳಿದು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಹಾರ ಹೋಗಿ ವೆಂಕಟೇಶ್ವರ ಭಟ್ಟರಿಗೂ ಅವರ ಹೆಂಡತಿಗೂ ಬಿತ್ತು. ಅಲ್ಲಿಯ ನಿಜವಾದ ಹಳೆಯ ಜೋಡಿ ಅವರೇ. ಹಾರ ತೆಗೆದು ಕುರ್ಚಿಗೆ ಹಾಕುತ್ತ ಆ ಅಮ್ಮ ಚೈತನ್ಯಾಳನ್ನು ಹತ್ತಿರ ಕರೆದು ಹೇಳಿದ್ದು ಸಭೆಗೆಂದು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮಗೆಲ್ಲ ಕೇಳಿಸಿತು. "ಇದೆಲ್ಲ ಆಯ್ತಲ್ಲ ಮಗು. ಇನ್ನಾದರೂ ನನಗೆ ಹೆಂಗಸರ ಸಾಲಿನಲ್ಲಿ ಒಂದು ಮಂಚ ಕೊಡು. ಇವರ ಗೊರಕೆ ಕೇಳಿ ಸಾಕಾಗಿ ಹೋಗಿದೆ." ಭಟ್ಟರು ಮೇಲಿನ ಫ್ಯಾನು ನೋಡುತ್ತಿದ್ದರು.

ಟ್ರಸ್ಟಿನ ಕಾರ್ಯದರ್ಶಿ ರವಿಶಂಕರ್ ನಿವೃತ್ತ ಹೆಡ್‌ಮಾಸ್ಟರು, ನಮ್ಮ ಕಡೆಯವರೇ. ಯಜಮಾನ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೇಳಿ ಹೊಟ್ಟೆ ತುಂಬ ನಕ್ಕರು. ನಕ್ಕ ಮೇಲೆ ಗಂಭೀರವಾಗಿ, ನಾಳೆ ಇನ್ನೊಬ್ಬರು ಬಂದು ಇವಳು ನನ್ನ ತಂಗಿ ಎಂದರೆ ನಾನು ಯಾವ ಮುಖ ನೋಡಿ ನಂಬುವುದು ಎಂದು ಕೇಳಿದರು. ಅದೂ ತಪ್ಪು ಪ್ರಶ್ನೆಯಲ್ಲ. ಹತ್ತು ಮನೆಯವರನ್ನು ಒಟ್ಟಿಗೆ ಇಟ್ಟುಕೊಂಡವರಿಗೆ ಹತ್ತು ಬಗೆಯ ಭಯ ಇರುತ್ತದೆ. ಅಂತೂ ಶೆಟ್ಟರು ಗಂಡಸರ ಸಾಲಿಗೆ ಹೋದರು, ರಾಜೀವಕ್ಕ ಹೆಂಗಸರ ಸಾಲಿಗೆ.

ಊಟಕ್ಕೆ ಒಟ್ಟಿಗೆ ಕೂರಲು ಅಡ್ಡಿ ಇರಲಿಲ್ಲ. ಉಳಿದ ಹೊತ್ತು ಶೆಟ್ಟರು ಮಂಚದ ಮೇಲೆ ಕಾಲು ಇಳಿಬಿಟ್ಟು ಬಾಗಿಲು ನೋಡುತ್ತ ಕೂರುವುದು. ನಾನು ನೋಡಲು ಹೋದಾಗ ಗುರುತು ಹಿಡಿದರು, ಕೈ ಹಿಡಿದರು. ನಾನು ಹೇಳಿದ್ದಕ್ಕೆಲ್ಲ "ಹ್ಞಾಂ, ಹ್ಞಾಂ" ಎಂದರು. ಲಾಸ್ಟ್ ಬಸ್ಸು ಕೂಗುವುದು ನಿಂತುಹೋಗಿತ್ತು. ಬಿ.ಸಿ.ರೋಡಿನಲ್ಲಿ ಹೇಗಿದ್ದರೋ ಮತ್ತೆ ಹಾಗೆಯೇ ಆಗಿದ್ದರು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಂಗಡಿಗೆ ಬರುವ ಹಳೆಯ ಪೇಪರು ಓದಿಯೇ ನಾಲ್ಕು ಅಕ್ಷರ ಕಲಿತವನು. ವೃದ್ಧರ ಆರೈಕೆಯ ವಿಚಾರದಲ್ಲಿ ಈಗ ಬರುವುದನ್ನೆಲ್ಲ ಓದುತ್ತೇನೆ. ಮಂಚ ಎಷ್ಟು ಎತ್ತರ ಇರಬೇಕು, ಬಚ್ಚಲಿನ ನೆಲ ಹೇಗಿರಬೇಕು, ಸಕ್ಕರೆ ಎಷ್ಟು, ಉಪ್ಪು ಎಷ್ಟು. ಎಲ್ಲ ಬೇಕಾದದ್ದೇ. ಅನ್ನ ಕುಚ್ಚಲಕ್ಕಿಯದಾ ಬೆಳ್ತಿಗೆ ಅಕ್ಕಿಯದಾ ಎಂದು ಕೇಳುವಷ್ಟು ಮರ್ಯಾದೆ ಈಗ ಬಂದಿದೆ. ಯಾರ ಸ್ವರ ಕೇಳುತ್ತ ಇರಬೇಕು ನಿಮಗೆ ಎಂದು ಕೇಳಿದವರನ್ನು ನಾನು ಕಾಣೆ. ಗಂಡನಿಗೆ ಹೆಂಡತಿ, ಅಪ್ಪನಿಗೆ ಮಗ ಎಂದು ಅವರೇ ಲೆಕ್ಕ ಹಾಕಿಬಿಡುತ್ತಾರೆ. ನಮ್ಮ ಪ್ರಾಯದವರ ಬದುಕು ಆ ಲೆಕ್ಕದ ಹಾಗೆ ನಡೆದಿರುವುದಿಲ್ಲ. ಅಳತೆ ತೆಗೆಯದೆ ಹೊಲಿದ ಅಂಗಿ ಎಷ್ಟು ಒಳ್ಳೆಯ ಬಟ್ಟೆಯದಾದರೂ ಕಂಕುಳಲ್ಲಿ ಹಿಡಿದೇ ಹಿಡಿಯುತ್ತದೆ.

ಮುಂದಿನ ತಿಂಗಳ ಟ್ರಸ್ಟಿನ ಸಭೆಗೆ ರಾಜೀವಕ್ಕ ತಾವಾಗಿಯೇ ಹೋಗಿ ನಿಂತರು. ಚೈತನ್ಯಾ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಒಂದೇ ಕೋಣೆ ಕೊಡಿ ಅಂತ ನಾನು ಹೇಳುವುದಿಲ್ಲ," ಎಂದರು. "ಗಂಡಸರ ಸಾಲಿನ ಕೊನೆಯ ಕೋಣೆಗೂ ಹೆಂಗಸರ ಸಾಲಿನ ಮೊದಲ ಕೋಣೆಗೂ ನಡುವೆ ಒಂದೇ ಗೋಡೆ ಉಂಟು. ಅದಕ್ಕೊಂದು ಬಾಗಿಲು ಇಡಿ. ನನ್ನ ಸ್ವರ ಅಣ್ಣನಿಗೆ ಮುಟ್ಟಬೇಕು, ಅಷ್ಟೇ. ಆಗುವುದಿಲ್ಲ ಅಂತಾದರೆ ನಾವು ಹೋಗ್ತೇವೆ."

"ಎಲ್ಲಿಗೆ ಹೋಗ್ತೀರಿ ಅಕ್ಕ?" ಎಂದು ಕೇಳಿದರು ರವಿಶಂಕರ್.

"ಗೊತ್ತಿಲ್ಲ. ಇಬ್ಬರೂ ಹೋಗ್ತೇವೆ."

ರವಿಶಂಕರ್ ಕನ್ನಡಕ ತೆಗೆದು ಒರೆಸಿದರು. ಒಂದು ಗೋಡೆಗೆ ಬಾಗಿಲು ಇಟ್ಟರೆ ಎಲ್ಲರೂ ಇಡಿ ಎಂದಾರು ಎಂದು ಗೊಣಗಿದರು. ಆಗ ಚೈತನ್ಯಾ ಬಾಯಿ ಹಾಕಿದಳು. "ಇಡೋಣ ಸರ್. ನಾನು ಅವತ್ತು ಸರಿಯಾಗಿ ಕೇಳಿದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ." ಎರಡು ಕೋಣೆಯವರನ್ನು ಬೇರೆಡೆಗೆ ಒಪ್ಪಿಸುವ ಕೆಲಸ ತನ್ನದೆಂದಳು. ಹೆಂಗಸರ ಸಾಲಿನಲ್ಲಿ ಭಟ್ಟರ ಹೆಂಡತಿಗೂ ಒಂದು ಮಂಚ ಆಗಲೇ ಸಿಕ್ಕಿತು.

ಬಾಗಿಲು ಬಂದದ್ದು ವೇಣೂರಿನ ಮನೆಯಿಂದ. ಉಜ್ವಲನೂ ಸುರಕ್ಷಾಳೂ ಸೇರಿ ಅಡುಗೆಕೋಣೆಯ ಹಲಸಿನ ಮರದ ಬಾಗಿಲನ್ನು ದಾರಂದದ ಚೌಕಟ್ಟಿನ ಸಮೇತ ಕೀಳಿಸಿ ಪಿಕಪ್ಪಿನಲ್ಲಿ ತಂದರು. ಮೇಸ್ತ್ರಿ ಶಾಫಿ ಕೆಂಪು ಕಲ್ಲಿನ ಗೋಡೆ ಒಡೆದು ದಾರಂದ ನಿಲ್ಲಿಸಿದ. ಆ ಬಾಗಿಲಿಗೆ ಚಿಲಕವಿರಲಿಲ್ಲ. ಅಡುಗೆಕೋಣೆಗೆ ಯಾರು ಚಿಲಕ ಹಾಕುತ್ತಾರೆ? ಹೊಸತೊಂದು ತಂದು ಕೈಯಲ್ಲಿ ಹಿಡಿದುಕೊಂಡು ಶಾಫಿ ಕೇಳಿದ, ಚಿಲಕ ಯಾವ ಕಡೆಗೆ?

ರವಿಶಂಕರ್ ಇಕ್ಕಟ್ಟಿಗೆ ಬಿದ್ದರು. ಗಂಡಸರ ಕಡೆಗೆ ಇಟ್ಟರೆ ನಿಯಮ ಕೆಟ್ಟೀತು, ಹೆಂಗಸರ ಕಡೆಗೆ ಇಟ್ಟರೆ ಯಜಮಾನನನ್ನೇ ಹೊರಗಿಟ್ಟ ಹಾಗಾದೀತು. ಯೋಚಿಸಿ, ಎರಡೂ ಕಡೆಗೆ ಒಂದೊಂದು ಇಟ್ಟುಬಿಡು ಎಂದರು.

"ಎರಡೂ ಕಡೆಗೆ ಇಟ್ಟರೆ ಅದು ಬಾಗಿಲಲ್ಲ ಸರ್, ಗೋಡೆಯೇ," ಎಂದ ಶಾಫಿ. "ನಾನು ಸುಮ್ಮನೆ ಒಡೆದ ಹಾಗಾಯಿತು."

ಶೆಟ್ಟರನ್ನೇ ಕೇಳುವ ಎಂದು ರಾಜೀವಕ್ಕ ಹೊಸ ದಾರಂದದಲ್ಲಿ ನಿಂತು ಕರೆದರು. "ಅಣ್ಣ, ಚಿಲಕ ಯಾವ ಕಡೆಗೆ ಅಂತ ಕೇಳ್ತಾರೆ."

ಮುಟ್ಟಿತು. ಅಣ್ಣು ಶೆಟ್ಟರು ತಲೆಯೆತ್ತಿದರು.

"ಅವಳ ಕಡೆಗೆ ಇಡು," ಎಂದರು ಶಾಫಿಗೆ. ಆಮೇಲೆ ತಂಗಿಯ ಕಡೆ ತಿರುಗಿ, "ಇಷ್ಟು ಕಾಲ ಹಾಕಿದ್ದೂ ತೆಗೆದದ್ದೂ ನಾನೇ. ನನಗೆ ಇನ್ನು ಎದ್ದು ಬಂದು ಹಾಕ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ" ಎಂದರು.

ಆ ಸಂಜೆ ನಾನು ಅಣ್ಣು ಶೆಟ್ಟರ ಕೋಣೆಯಲ್ಲೇ ಕುಳಿತಿದ್ದೆ. ಮೇಸ್ತ್ರಿ ಹೋಗಿದ್ದ, ಮಕ್ಕಳು ಹೋಗಿದ್ದರು. ಆಚೆಯಿಂದ ಬಾಗಿಲು ಮೆಲ್ಲಗೆ ಮುಚ್ಚಿತು. ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು. ಶೆಟ್ಟರಿಗೆ ಕೇಳಿಸುವ ಹಾಗಿರಲಿಲ್ಲ. ಅಣ್ಣ ಪಕ್ಕದಲ್ಲಿರುವಾಗ ರಾಜೀವಕ್ಕ ತಮ್ಮ ಕೈಯಿಂದ ಹಾಕಿದ ಚಿಲಕ ಅದೇ ಮೊದಲನೆಯದಿರಬೇಕು. ಸ್ವಲ್ಪ ಹೊತ್ತಿಗೆ ಶೆಟ್ಟರು ವಾಕರ್ ಹಿಡಿದು ಎದ್ದರು. ಬಾಗಿಲಿನ ತನಕ ಹೋಗಿ ಅಂಗೈಯಿಂದ ಒಮ್ಮೆ ದೂಡಿ ನೋಡಿದರು. ಅದು ಅಲುಗಲಿಲ್ಲ. ಅಷ್ಟೇ ಮೆಲ್ಲಗೆ ಹಿಂದೆ ಬಂದು ಮಂಚದ ಮೇಲೆ ಕುಳಿತು ಕೈ ಕಟ್ಟಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯಿತು. ರಾಜೀವಕ್ಕ ಹಣೆಗೆ ಕುಂಕುಮದ ಜಾಗದಲ್ಲಿ ಗಂಧ ಇಟ್ಟುಕೊಂಡು, ತಲೆ ಬಾಚಿಕೊಂಡು ನಿಂತಿದ್ದರು.

"ಅಣ್ಣ, ಕಾಫಿ ಆಯಿತಾ?"

"ಬಾಗಿಲು ಹಾಕಿತ್ತಲ್ಲ," ಎಂದರು ಶೆಟ್ಟರು.

"ಬಂದಿದ್ದಿರಾ? ಮತ್ತೆ ತಟ್ಟಬಾರದಿತ್ತಾ?"

"ತಟ್ಟಿದರೆ ನೀನು ಮುಚ್ಚಿದ ಬಾಗಿಲಿನ ಒಳಗಿನಿಂದ ಯಾರು ಅಂತ ಕೇಳುವವಳು," ಎಂದರು ಅಣ್ಣು ಶೆಟ್ಟರು. "ಅದು ನನಗೆ ಕೇಳಬೇಕಲ್ಲ."